ಯಾರ ಮನೆಯ ಕಥೆ?

ಪ್ರಶ್ನೆ ಕೇಳುವುದು ನನ್ನ ಕಸುಬು. ಮೂವತ್ತು ವರ್ಷಗಳಿಂದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತ ಒಂದು ಅಂಕದ ಪ್ರಶ್ನೆ, ಎರಡು ಅಂಕದ ಪ್ರಶ್ನೆ, ಸಂದರ್ಭ ಸಹಿತ ವಿವರಿಸಿ ಎಂದು ಅದೆಷ್ಟು ಸಾವಿರ ಪ್ರಶ್ನೆಗಳನ್ನು ಮಕ್ಕಳ ತಲೆಗೆ ಕಟ್ಟಿದ್ದೇನೋ ನನಗೇ ಲೆಕ್ಕವಿಲ್ಲ. ಆದರೆ ಕೇಳಿದ ಪ್ರಶ್ನೆಗಾಗಿ ರಾತ್ರಿಯೆಲ್ಲ ನಿದ್ದೆಗೆಟ್ಟದ್ದು ಒಂದೇ ಸಲ. ಅದೂ ಶಾಲೆಯಲ್ಲಿ ಕೇಳಿದ್ದಲ್ಲ, ನಮ್ಮೂರು ಸಾಗರದ ಒಂದು ಪುಸ್ತಕದಂಗಡಿಯಲ್ಲಿ, 2025ರ ಜುಲೈ ತಿಂಗಳ ಒಂದು ಭಾನುವಾರ ಸಂಜೆ ಕೇಳಿದ್ದು.

ಪುಸ್ತಕದಂಗಡಿ ಎಂದರೆ ನೀವು ಬೆಂಗಳೂರಿನ ಗಾಜಿನ ಬಾಗಿಲಿನ ಅಂಗಡಿಯನ್ನು ನೆನೆಸಿಕೊಳ್ಳಬೇಡಿ. ಕೆಳಗೆ ನೋಟ್‌ಬುಕ್ಕು, ಗೈಡು, ಜಾಮಿಟ್ರಿ ಬಾಕ್ಸು. ಕಡಿದಾದ ಮರದ ಮೆಟ್ಟಿಲು ಹತ್ತಿದರೆ ಮೇಲೆ ಒಂದು ಉದ್ದನೆಯ ಕೋಣೆ, ಅಲ್ಲಿ ಕಥೆ, ಕಾದಂಬರಿ, ನಾಟಕ. ಜೂನ್ ತಿಂಗಳಲ್ಲಿ ಗೈಡುಗಳು ದುಡಿದು ತಂದದ್ದನ್ನು ಉಳಿದ ಹನ್ನೊಂದು ತಿಂಗಳು ಕಾದಂಬರಿಗಳು ಕೂತು ತಿನ್ನುತ್ತವೆ ಎಂದು ಅಂಗಡಿಯ ರಾಯರು ನಗುತ್ತಾರೆ. ಹಾಗೆಂದು ಮೇಲಿನ ಕೋಣೆಯನ್ನು ಬಟ್ಟೆಯಂಗಡಿಗೆ ಬಾಡಿಗೆಗೆ ಕೊಡಿ ಎಂದವರಿಗೆ ಅವರು ಇದುವರೆಗೆ ಹೂಂ ಎಂದಿಲ್ಲ. ಹತ್ತಿರದ ಹೆಗ್ಗೋಡಿನಲ್ಲಿ 1949ರಿಂದ ನೀನಾಸಮ್ ಇದೆ, ಕೆ.ವಿ. ಸುಬ್ಬಣ್ಣನವರು ಕಟ್ಟಿದ ಅಕ್ಷರ ಪ್ರಕಾಶನ ಇದೆ. ಆ ಗಾಳಿ ನಮ್ಮೂರಿಗೂ ಸ್ವಲ್ಪ ಬೀಸಿದೆ ಅನ್ನಿ. ಹೀಗಾಗಿ ಆಗಾಗ ಮೇಲಿನ ಕೋಣೆಯಲ್ಲಿ ಯಾರಾದರೂ ಲೇಖಕರನ್ನು ಕರೆಸಿ ಮಾತಾಡಿಸುವ ಪದ್ಧತಿ ರಾಯರದು.

ಆ ವರ್ಷ ಮೇ ತಿಂಗಳಲ್ಲಿ ಬಾನು ಮುಷ್ತಾಕರ ಕಥೆಗಳಿಗೆ, ಅವನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರ ಜೊತೆಗೆ, ಅಂತಾರಾಷ್ಟ್ರೀಯ ಬೂಕರ್ ಬಹುಮಾನ ಬಂದಿತ್ತಲ್ಲ, ಎಂದೂ ಮೆಟ್ಟಿಲು ಹತ್ತದವರೂ ಹತ್ತಿ ಬಂದು ಪುಸ್ತಕ ಕೇಳತೊಡಗಿದ್ದರು. “ಈಗ ಹೆಣ್ಣುಮಕ್ಕಳು ಬರೆದದ್ದನ್ನ ಜನ ಕೇಳ್ತಾರೆ ಟೀಚರ್. ಈ ಬಿಸಿಯಲ್ಲೇ ನಮ್ಮ ಕಡೆಯ ಒಬ್ಬರನ್ನ ಕರೆಸೋಣ” ಎಂದು ರಾಯರು ನನ್ನ ಕೈಗೆ ಒಂದು ಹೊಸ ಕಾದಂಬರಿ ಇಟ್ಟರು. “ಓದ್ಕೊಂಡು ಬನ್ನಿ. ಯಾರೂ ಪ್ರಶ್ನೆ ಕೇಳದೇ ಹೋದ್ರೆ ನೀವಾದ್ರೂ ಕೇಳ್ಬೇಕು.”

ಬರೆದವರು ಹೊಸನಗರದ ಕಡೆಯ ಹಳ್ಳಿಯ ಹೆಣ್ಣುಮಗಳು, ಒಂದು ಸಹಕಾರ ಸಂಘದಲ್ಲಿ ಗುಮಾಸ್ತೆ. ಮೊದಲ ಕಾದಂಬರಿ ಎಂದರೆ ವಯಸ್ಸು ಇಪ್ಪತ್ತೈದೋ ಮೂವತ್ತೋ ಇರಬೇಕೆಂದು ನಾವು ಎಣಿಸುತ್ತೇವೆ. ಇವರಿಗೆ ನಲವತ್ನಾಲ್ಕು. ಅದೇನೂ ತಡವಲ್ಲ ಬಿಡಿ. ನಮ್ಮ ಜಿಲ್ಲೆಯವರೇ ಆದ ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ. ಅನ್ನ ಬಾಗಿಸಿ, ಮಕ್ಕಳನ್ನು ಬೆಳೆಸಿ, ಆಮೇಲೆ ಪೆನ್ನು ಹಿಡಿಯುವುದು ನಮ್ಮ ಹೆಂಗಸರಲ್ಲಿ ಹೊಸದೇನಲ್ಲ. ಕಾದಂಬರಿಯ ಹೆಸರನ್ನೂ ಲೇಖಕಿಯ ಹೆಸರನ್ನೂ ನಾನು ಇಲ್ಲಿ ಹೇಳುವುದಿಲ್ಲ. ಏಕೆಂದು ಮುಂದೆ ನಿಮಗೇ ತಿಳಿಯುತ್ತದೆ.

ಕಥೆ ಇಷ್ಟೇ. ತಾಲ್ಲೂಕು ಆಸ್ಪತ್ರೆಯ ಒಬ್ಬ ನರ್ಸ್. ತಿಂಗಳ ಮೊದಲ ದಿನ ಸಂಬಳ ತಂದು ದೇವರ ಮುಂದೆ ಇಡುತ್ತಾಳೆ. ಅತ್ತೆ ಅದಕ್ಕೆ ಕುಂಕುಮ ಇಟ್ಟು ಎತ್ತಿಕೊಳ್ಳುತ್ತಾಳೆ. ದೇವರ ಕೋಣೆಯ ಕಿಟಕಿಯಲ್ಲಿ ಒಂದು ಹಿತ್ತಾಳೆ ಡಬ್ಬಿ. ಅದರಿಂದ ದಿನವೂ ಬೆಳಿಗ್ಗೆ ಬಸ್ಸಿಗೆಂದು ಎಣಿಸಿದ ಚಿಲ್ಲರೆ ಸೊಸೆಯ ಅಂಗೈಗೆ ಬೀಳುತ್ತದೆ. ಬೈಗುಳವಿಲ್ಲ, ಹೊಡೆತವಿಲ್ಲ, ಹಬ್ಬಕ್ಕೆ ಸೀರೆಯೂ ಬರುತ್ತದೆ. ಒಂದು ಸಂಜೆ ಸರ್ಕಾರಿ ಬಸ್ಸು ತಪ್ಪಿ ಖಾಸಗಿ ಬಸ್ಸು ಬರುತ್ತದೆ, ಅದರ ಚಾರ್ಜು ಒಂದು ರೂಪಾಯಿ ಹೆಚ್ಚು. ಆ ಒಂದು ರೂಪಾಯಿ ಇಲ್ಲದೆ ಆಕೆ ನಾಲ್ಕು ಮೈಲಿ ಮಳೆಯಲ್ಲಿ ನಡೆದು ಮನೆ ಸೇರುತ್ತಾಳೆ. ಯಾಕೆ ತಡವಾಯಿತು ಎಂದು ಕೇಳಿದ ಅತ್ತೆಗೆ “ಬಸ್ಸು ಸಿಗಲಿಲ್ಲ” ಎನ್ನುತ್ತಾಳೆ. ಸುಳ್ಳೂ ಅಲ್ಲ, ನಿಜವೂ ಅಲ್ಲ.

ಎರಡು ರಾತ್ರಿಯಲ್ಲಿ ಓದಿ ಮುಗಿಸಿದೆ. ಪುಸ್ತಕ ಮುಚ್ಚಿದಾಗ ನನ್ನ ಕೈ ನಡುಗುತ್ತಿತ್ತು. ಕಾರಣ ಆಮೇಲೆ ಹೇಳುತ್ತೇನೆ.

ಭಾನುವಾರ ಮಧ್ಯಾಹ್ನದಿಂದ ಮಳೆ ಹಿಡಿದುಕೊಂಡಿತ್ತು. ಶಾಮಿಯಾನದವರಿಂದ ತರಿಸಿದ ಮೂವತ್ತು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಇಪ್ಪತ್ತೊಂದು ತುಂಬಿದವು. ಮೆಟ್ಟಿಲ ಬುಡದಲ್ಲಿ ಕೊಡೆಗಳು ನೀರು ಸುರಿಸುತ್ತ ಒರಗಿಕೊಂಡಿದ್ದವು. ರಾಯರು ಸ್ವಾಗತ ಭಾಷಣದಲ್ಲಿ ತಮ್ಮ ಮೆಚ್ಚಿನ ಗಳಗನಾಥರನ್ನು ತಂದರು. ಗಳಗನಾಥರೂ ನಮ್ಮಂತೆ ಶಾಲೆ ಮೇಷ್ಟರೇ, ಕೆಲಸ ಬಿಟ್ಟು ಕಾದಂಬರಿ ಬರೆದು, ತಾವೇ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಸುತ್ತಿ ಮಾರಿದವರು. “ನಮ್ಮ ಲೇಖಕಿಗೆ ಅಷ್ಟು ಕಷ್ಟ ಇಲ್ಲ, ಬಸ್ಸಲ್ಲಿ ಬಂದಿದಾರೆ” ಎಂದಾಗ ಎಲ್ಲರೂ ನಕ್ಕರು.

ಲೇಖಕಿ ತೆಳ್ಳಗಿನ ಹೆಂಗಸು. ಹಸಿರು ಕಾಟನ್ ಸೀರೆ, ಕೈಯಲ್ಲಿ ಬೇಡವಾದ ರಸೀದಿಗಳ ಹಿಂಬದಿಯಲ್ಲಿ ಬರೆದುಕೊಂಡ ಟಿಪ್ಪಣಿ. ಎರಡನೇ ಸಾಲಿನಲ್ಲಿ ಅವರ ಯಜಮಾನರು, ಪಕ್ಕದಲ್ಲಿ ಶಾಲು ಹೊದ್ದ ಅತ್ತೆ, ಹತ್ತನೇ ತರಗತಿಯ ಮಗಳು. ಮೊದಲು ದನಿ ನಡುಗಿತು, ಆಮೇಲೆ ನಿಂತಿತು. ಬೆಳಗಿನ ಜಾವ ನಾಲ್ಕೂವರೆಯಿಂದ ಆರರವರೆಗೆ ಬರೆಯುತ್ತಿದ್ದರಂತೆ. ಹಾಲು ಕರೆಯುವ ಹೊತ್ತಿಗೆ ನಿಲ್ಲಿಸುವುದು. ಹೀಗೆ ಆರು ವರ್ಷ. ಮೂರು ಪ್ರಕಾಶಕರು ವಾಪಸು ಕಳಿಸಿ, ನಾಲ್ಕನೆಯವರು ಐನೂರು ಪ್ರತಿ ಹಾಕಿದರಂತೆ. ಆ ಹಿತ್ತಾಳೆ ಡಬ್ಬಿಯ ಮುಚ್ಚಳ ತೆಗೆಯುವ ಸದ್ದನ್ನು ಬರೆಯಲು ಸರಿಯಾದ ಶಬ್ದ ಸಿಗದೆ ಒಂದು ವಾರ ಒದ್ದಾಡಿದ್ದನ್ನು ಹೇಳುವಾಗ ಅವರ ಮುಖದಲ್ಲಿ ಬಂದ ಬೆಳಕನ್ನು ನಾನು ಮರೆಯಲಾರೆ. ತನ್ನ ನರ್ಸಮ್ಮನ ಬಗ್ಗೆ, ಪಕ್ಕದ ಮನೆಯಲ್ಲಿ ಬದುಕಿರುವ ಗೆಳತಿಯ ಬಗ್ಗೆ ಹೇಳುವಂತೆ, ಅರ್ಧ ಗಂಟೆ ಮಾತಾಡಿದರು.

ಪ್ರಶ್ನೆಯ ಸಮಯ ಬಂತು. ನಿವೃತ್ತ ಉಪನ್ಯಾಸಕರೊಬ್ಬರು ಎದ್ದು ಪ್ರಶ್ನೆ ಎಂಬ ಹೆಸರಿನಲ್ಲಿ ಭಾಷಣ ಮಾಡಿದರು. ಒಬ್ಬ ಹುಡುಗ, ಪ್ರಕಾಶಕರನ್ನು ಹುಡುಕುವುದು ಹೇಗೆ ಎಂದು ಕೇಳಿದ. ಆಮೇಲೆ ಮೌನ. ರಾಯರು ನನ್ನತ್ತ ನೋಡಿದರು. ಕೇಳಬೇಕೆಂದು ನಾನು ಎರಡು ಒಳ್ಳೆಯ ಪ್ರಶ್ನೆ ಬರೆದುಕೊಂಡೇ ಹೋಗಿದ್ದೆ. ಎದ್ದು ನಿಂತದ್ದೇ ಚೀಟಿ ಕೈಯಲ್ಲೇ ಉಳಿಯಿತು, ಬಾಯಿಂದ ಬೇರೆಯೇ ಬಂತು.

“ಇಷ್ಟು ಸೂಕ್ಷ್ಮವಾಗಿ ಬರೆದಿದೀರಿ. ಇದು ನಿಮ್ಮ ಮನೆಯ ಕಥೆಯೇ?”

ಕೋಣೆಯಲ್ಲಿ ಏನೋ ಬದಲಾಯಿತು. ಎಲ್ಲರ ತಲೆಗಳೂ, ಯಾರೋ ದಾರ ಹಿಡಿದು ಎಳೆದ ಹಾಗೆ, ಎರಡನೇ ಸಾಲಿನತ್ತ ತಿರುಗಿದವು. ಯಜಮಾನರು ನಗುವುದೋ ಬೇಡವೋ ಎಂದು ಅರ್ಧ ನಕ್ಕರು. ಅತ್ತೆ ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡರು. ಮಗಳು ತಲೆ ತಗ್ಗಿಸಿದಳು. ಲೇಖಕಿ ಒಮ್ಮೆ ಅವರನ್ನು ನೋಡಿ, ಒಮ್ಮೆ ನನ್ನನ್ನು ನೋಡಿ, “ಅಯ್ಯೋ, ಇಲ್ಲ ಇಲ್ಲ. ನಮ್ಮತ್ತೆ ತುಂಬ ಒಳ್ಳೆಯವರು. ಇದೆಲ್ಲ ಸುಮ್ಮನೆ ಕಲ್ಪನೆ, ಅಷ್ಟೇ” ಎಂದರು. ಜನ ಹಗುರಾಗಿ ನಕ್ಕರು. ಅಷ್ಟು ಹೊತ್ತು ಜೀವಂತವಾಗಿ ನಮ್ಮ ನಡುವೆ ಕೂತಿದ್ದ ಆ ನರ್ಸಮ್ಮ ಎದ್ದು ಹೊರಗೆ ಹೋದಂತಾಯಿತು. ಆರು ವರ್ಷ ಬೆಳಗಿನ ಜಾವ ಎದ್ದು ಸಾಕಿದವಳನ್ನು ‘ಸುಮ್ಮನೆ’ ಎಂದು ಹೇಳಿಸಿದ್ದು ನನ್ನ ಪ್ರಶ್ನೆ. ಅನಂತರ ಅವರು ಆಡಿದ ನಾಲ್ಕು ಮಾತೂ ಮನೆಯವರ ಸಹಕಾರಕ್ಕೆ ವಂದನೆ ಹೇಳುವುದರಲ್ಲೇ ಮುಗಿದವು.

ಪುಸ್ತಕಕ್ಕೆ ಸಹಿ ಹಾಕಿಸುವ ಸಾಲಿನಲ್ಲಿ ನಿಂತು, ನನ್ನ ಸರದಿ ಬಂದಾಗ, “ನಾನು ಹಾಗೆ ಕೇಳಬಾರದಾಗಿತ್ತು” ಎಂದೆ. ಅವರು ತಲೆಯೆತ್ತದೆ ಬರೆಯುತ್ತಲೇ, “ಪರವಾಗಿಲ್ಲ ಮೇಡಂ. ಪುಸ್ತಕ ಬಂದಾಗಿಂದ ಎಲ್ಲರೂ ಕೇಳೋದು ಅದನ್ನೇ. ಬೇರೆಯವರು ನಮ್ಮತ್ತೇನ ಕೇಳ್ತಾರೆ, ನೀವು ನನ್ನನ್ನೇ ಕೇಳಿದ್ರಿ” ಎಂದರು. ಅದರಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವತ್ತು ರಾತ್ರಿ ಮಲಗಿ ಯೋಚಿಸಿದೆ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ 1970ರಲ್ಲಿ ಬಂದದ್ದು. ಅದರಲ್ಲಿ ಅವರ ಬಾಲ್ಯವೂ ಅವರ ತಾಯಿಯ ಬದುಕೂ ಇದೆಯೆಂಬುದು ಅವರ ಆತ್ಮಕಥೆ ‘ಭಿತ್ತಿ’ಯನ್ನು ಓದಿದವರಿಗೆಲ್ಲ ಗೊತ್ತು. ಅದಕ್ಕೆ ನಾವು ಎಂಥ ಅನುಭವ, ಎಂಥ ದರ್ಶನ ಎಂದು ತಲೆದೂಗಿದೆವು. ನಾನು ಮಕ್ಕಳಿಗೂ ಹಾಗೆಯೇ ಹೇಳಿಕೊಟ್ಟಿದ್ದೇನೆ. ಅದೇ ಒಬ್ಬ ಹೆಂಗಸು ಬರೆದರೆ ಅವಳ ಮನೆಯ ಬಾಗಿಲು ಯಾವುದು, ಅತ್ತೆ ಯಾರು ಎಂದು ಇಣುಕುತ್ತೇವೆ. 1913ರಲ್ಲೇ ನಂಜನಗೂಡಿನ ತಿರುಮಲಾಂಬಾ ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆ ಕಟ್ಟಿ ತಮ್ಮ ‘ಸುಶೀಲೆ’ ಕಾದಂಬರಿಯನ್ನು ತಾವೇ ಹೊರತಂದರು. ಬಾಲವಿಧವೆಯಾಗಿದ್ದ ಆಕೆಯನ್ನು ಜನ ಏನೇನು ಕೇಳಿರಬಹುದೋ! ನಾವೆಲ್ಲ ಹಾಸಿಗೆಯ ಕೆಳಗೆ ಬಚ್ಚಿಟ್ಟು ಓದಿದ ತ್ರಿವೇಣಿಯವರ ನಿಜವಾದ ಹೆಸರು ಅನಸೂಯಾ ಶಂಕರ್. ಮನಸ್ಸಿನ ಕಾಯಿಲೆಯ ಹೆಣ್ಣುಗಳನ್ನು ಅಷ್ಟು ಹತ್ತಿರದಿಂದ ಬರೆದ ಆಕೆಗೆ ಈ ಪ್ರಶ್ನೆ ತಪ್ಪಿದ್ದೀತೇ?

ಹಾಗಂತ ಮನೆಯ ಕಥೆ ಬರೆಯುವುದು ಕೀಳೆಂದು ನಾನು ಹೇಳುತ್ತಿಲ್ಲ. ಎಂ.ಕೆ. ಇಂದಿರಾ ಅವರ 1976ರ ‘ಫಣಿಯಮ್ಮ’ ಅವರ ಬಂಧುಗಳಲ್ಲೇ ಬಾಳಿದ ಒಬ್ಬ ಬಾಲವಿಧವೆಯ ಬದುಕನ್ನು ಆಧರಿಸಿದ್ದು. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ನಿಜವಾಗಿ ನಡೆದದ್ದು ಎಂಬುದರಿಂದ ಫಣಿಯಮ್ಮನ ಎತ್ತರ ಒಂದಂಗುಲವೂ ಕಡಿಮೆಯಾಗಿಲ್ಲ. ಆದರೆ ಅದನ್ನು ಹೇಳುವ ಹಕ್ಕು ಬರೆದವರದು. ಇಪ್ಪತ್ತೊಂದು ಜನರ ಮುಂದೆ, ಅತ್ತೆಯನ್ನು ಎದುರಿಗೆ ಕೂರಿಸಿಕೊಂಡಿರುವಾಗ, ನಾನು ಹೇಳಿಸುವಂಥದ್ದಲ್ಲ.

ಇಷ್ಟೆಲ್ಲ ತಿಳಿದವಳು ಯಾಕೆ ಕೇಳಿದೆ? ಈಗ ಕಾರಣ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು 1995ರಲ್ಲಿ, ಮದುವೆಯಾದ ಮರುವರ್ಷ. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿ, ಎರಡು ಸಾವಿರದ ಚಿಲ್ಲರೆ ಎಣಿಸಿಕೊಂಡು ಮನೆಗೆ ತಂದೆ. ದೇವರ ಮುಂದೆ ಇಡು ಎಂದರು, ಇಟ್ಟೆ. ಎತ್ತಿಕೊಂಡವರು ದೇವರಲ್ಲ. ಶಾಲೆ ಇದ್ದದ್ದು ಹತ್ತು ಮೈಲಿ ದೂರದ ಹಳ್ಳಿಯಲ್ಲಿ. ದಿನವೂ ಬಸ್ಸಿನ ದುಡ್ಡನ್ನು ಅತ್ತೆಯವರು ಎಣಿಸಿ ಕೊಡುತ್ತಿದ್ದರು. ಕಾದಂಬರಿಯಲ್ಲಿ ಇದ್ದದ್ದು ಹಿತ್ತಾಳೆ ಡಬ್ಬಿ, ನಮ್ಮ ಮನೆಯಲ್ಲಿ ಹಾರ್ಲಿಕ್ಸ್ ಬಾಟಲಿ. ವ್ಯತ್ಯಾಸ ಅಷ್ಟೇ. ಒಂದು ರೂಪಾಯಿ ಸಾಲದೆ ನಾನು ನಡೆದದ್ದು ನಾಲ್ಕು ಮೈಲಿಯಲ್ಲ, ಎರಡು. ಮಗ ಹೊಟ್ಟೆಯಲ್ಲಿದ್ದ. ಇದನ್ನು ನಾನು ನನ್ನ ತಾಯಿಗೂ ಹೇಳಿರಲಿಲ್ಲ. ನಮ್ಮತ್ತೆ ಕೆಟ್ಟವರಲ್ಲ, ಬಾಣಂತನದಲ್ಲಿ ನನ್ನನ್ನು ಮಗುವಿನ ಹಾಗೆ ನೋಡಿಕೊಂಡವರು. ಅದಕ್ಕೇ ದೂರು ಹೇಳಲು ಬಾಯಿ ಬರುತ್ತಿರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಹಾರ್ಲಿಕ್ಸ್ ಬಾಟಲಿ ಹೋಯಿತು, ಎಟಿಎಂ ಕಾರ್ಡು ಬಂತು. ಕಾರ್ಡಿನ ಮೇಲೆ ನನ್ನ ಹೆಸರಿದೆ, ಇರುವುದು ನಮ್ಮವರ ಪರ್ಸಿನಲ್ಲಿ. ಬ್ಯಾಂಕಿನ ಸಂದೇಶಗಳು ಹೋಗುವುದೂ ಅವರ ಮೊಬೈಲಿಗೇ. ‘ನಿನಗ್ಯಾಕೆ ಆ ತಲೆನೋವು’ ಎಂಬ ಪ್ರೀತಿಯ ಏರ್ಪಾಡು. ನನ್ನ ಹಾಗೆ ಬಿ.ಎ., ಬಿ.ಎಡ್. ಮಾಡಿ, ಶಾಲೆಯಲ್ಲಿ ಮಹಿಳಾ ದಿನಾಚರಣೆಯ ಭಾಷಣ ಮಾಡುವ ಎಷ್ಟು ಜನರ ಮನೆಯಲ್ಲಿ ಈ ಏರ್ಪಾಡು ಇದೆಯೋ, ಓದುತ್ತಿರುವ ನೀವೇ ಹೇಳಬೇಕು.

ಹೀಗಾಗಿ ಆ ಸಂಜೆ ನಾನು ಕೇಳಬೇಕೆಂದಿದ್ದುದು “ಇದು ನಿಮ್ಮ ಮನೆಯ ಕಥೆಯೇ” ಎಂದಲ್ಲ. “ನಮ್ಮ ಮನೆಯ ಕಥೆ ನಿಮಗೆ ಹೇಗೆ ಗೊತ್ತಾಯಿತು” ಎಂದು. ಅಷ್ಟು ಜನರ ಎದುರಿಗೆ ಅದನ್ನು ಕೇಳಲು ನನಗೆ ಧೈರ್ಯವಿರಲಿಲ್ಲ. ನನ್ನ ಮನೆಯ ಬಾಗಿಲು ಮುಚ್ಚಿಕೊಳ್ಳಲು ಅವರ ಮನೆಯ ಬಾಗಿಲು ತೆರೆದೆ.

ಒಂದು ವಾರ ಬಿಟ್ಟು ಇನ್‌ಲ್ಯಾಂಡ್ ಲೆಟರ್ ತಂದು ಇದಿಷ್ಟನ್ನೂ ಬರೆದು ಅವರ ಸಂಘದ ವಿಳಾಸಕ್ಕೆ ಹಾಕಿದೆ. ಹದಿನೈದು ದಿನಕ್ಕೆ ಉತ್ತರ ಬಂತು, ರಸೀದಿಯ ಹಿಂಬದಿಯಲ್ಲೇ. “ಮೇಡಂ, ನಿಮ್ಮ ಮನೆ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಇಷ್ಟು ಧೈರ್ಯದಿಂದ ಬರೆಯುತ್ತಿರಲಿಲ್ಲ. ನಿಮ್ಮ ಕಾಗದವನ್ನು ನಮ್ಮತ್ತೆಗೆ ಓದಿ ಹೇಳಿದೆ. ‘ಹಾಗಾದ್ರೆ ನಾನೊಬ್ಬಳೇ ಅಲ್ಲ’ ಅಂದರು. ಯಾವ ಅರ್ಥದಲ್ಲಿ ಅಂದರು ಅಂತ ನಾನು ಕೇಳಲಿಲ್ಲ.” ಈ ಕೊನೆಯ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ. ಕೇಳದೆ ಬಿಡುವುದೂ ಒಂದು ಮರ್ಯಾದೆಯೆಂದು ಆ ಹೆಣ್ಣುಮಗಳು ನನಗೆ ಪಾಠ ಹೇಳಿದಂತಿತ್ತು.

ಅದಾದ ಮೇಲೆ ಕಾದಂಬರಿಯನ್ನು ಮತ್ತೊಮ್ಮೆ ಓದಿದೆ. ಮೊದಲ ಸಲ ಸೊಸೆಯ ಜೊತೆಗೆ ಮಳೆಯಲ್ಲಿ ನಡೆದಿದ್ದೆ. ಈ ಸಲ ಯಾಕೋ ಕಣ್ಣು ಮತ್ತೆ ಮತ್ತೆ ಅತ್ತೆಯ ಮೇಲೇ ಹೋಯಿತು. ನನಗೂ ಈಗ ಸೊಸೆ ಬಂದಿದ್ದಾಳೆ. ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ, ಮಗನಿಗಿಂತ ಹೆಚ್ಚು ಸಂಬಳ. ಜುಲೈ ಮೊದಲ ವಾರದಲ್ಲಿ ಅಪ್ಪ ಮಗ ಇಬ್ಬರೂ ಫೋನಿನಲ್ಲಿ ಫ್ಲ್ಯಾಟಿನ ಸಾಲದ ಲೆಕ್ಕ ಹಾಕಿದ್ದರು. ಅವಳ ಸಂಬಳವೆಲ್ಲ ಕಂತಿಗೆ, ಇವನದು ಮನೆ ಖರ್ಚಿಗೆ, ಫ್ಲ್ಯಾಟು ಇವನ ಹೆಸರಿಗೆ. ನಾನು ಪಕ್ಕದಲ್ಲೇ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಏನೂ ಹೇಳಲಿಲ್ಲ. ಲೆಕ್ಕ ಚೆನ್ನಾಗಿದೆ ಎಂದೇ ಅನಿಸಿತ್ತು.

ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟಿದ್ದೆ. ನಮ್ಮವರು ನಿವೃತ್ತರಾದ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾರೆ. ಒಂದು ಮಧ್ಯಾಹ್ನ ಅರ್ಧ ಓದಿ, ಕನ್ನಡಕ ತೆಗೆದು, “ಏ ಇವಳೇ, ಈ ಹೆಂಗಸು ಯಾರ ಮನೆ ಕಥೆ ಬರೆದಿದಾಳೆ?” ಎಂದು ಕೇಳಿದರು.

ಅದೇ ಪ್ರಶ್ನೆ! ನಗುವೂ ಬಂತು, ಗಂಟಲೂ ಕಟ್ಟಿತು.

“ನಮ್ಮನೇದು” ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಮ್ಮಮ್ಮ ಅಷ್ಟೇನು ಕೆಟ್ಟವಳಲ್ಲ.”

“ಕಾದಂಬರಿಯಲ್ಲೂ ಅತ್ತೆ ಕೆಟ್ಟವಳಲ್ಲ ಕಣ್ರೀ. ಪೂರ್ತಿ ಓದಿ.”

ಓದಿದರು. ಓದಿದ ಮೇಲೆ ಏನೂ ಹೇಳಲಿಲ್ಲ. ಮನುಷ್ಯರು ಒಂದು ಪುಸ್ತಕಕ್ಕೆ ಬದಲಾಗುವುದಾಗಿದ್ದರೆ ನಾವು ಮೇಷ್ಟರುಗಳು ಇಷ್ಟರಲ್ಲಿ ಸ್ವರ್ಗವನ್ನೇ ಕಟ್ಟಿರುತ್ತಿದ್ದೆವು. ಮುಂದಿನ ತಿಂಗಳು ಸಂಬಳವಾದ ದಿನ ನಾನೇ ಕೇಳಿದೆ, ಕಾರ್ಡು ಕೊಡಿ ಎಂದು. ಯಾಕೆ ಎಂದರು. ಪುಸ್ತಕ ತರಬೇಕು ಎಂದೆ. ಪರ್ಸಿನಿಂದ ತೆಗೆದು ಕೊಟ್ಟು, “ನಂಬರು ನನ್ನ ಹುಟ್ಟಿದ ತಾರೀಕು” ಎಂದರು. ಮೂವತ್ತು ವರ್ಷ ದುಡಿದವಳು ಎಟಿಎಂ ಪೆಟ್ಟಿಗೆಯ ಮುಂದೆ ಒಂದನೇ ತರಗತಿಯ ಮಗುವಿನ ಹಾಗೆ ನಿಂತೆ. ಹಿಂದಿದ್ದ ಹುಡುಗಿಯೊಬ್ಬಳು, ನಮ್ಮ ಶಾಲೆಯಲ್ಲೇ ಓದಿದವಳು, “ಇಲ್ಲಿ ಒತ್ತಬೇಕು ಟೀಚರ್” ಎಂದು ಹೇಳಿಕೊಟ್ಟಳು. ಕಾರ್ಡನ್ನು ಈ ತನಕ ವಾಪಸು ಕೊಟ್ಟಿಲ್ಲ. ಅವರೂ ಕೇಳಿಲ್ಲ.

ಅಲ್ಲಿಂದ ನೇರ ಅಂಗಡಿಗೆ ಹೋದೆ. ಅದೇ ಕಾದಂಬರಿಯ ಇನ್ನೊಂದು ಪ್ರತಿ ಕೇಳಿದಾಗ ರಾಯರಿಗೆ ಆಶ್ಚರ್ಯ. “ನಿಮ್ಮ ಹತ್ರ ಇದೆಯಲ್ಲ ಟೀಚರ್? ಇದು ಯಾರಿಗೆ?”

“ಸೊಸೆಗೆ” ಎಂದೆ. “ಬೆಂಗಳೂರಿಗೆ ಪೋಸ್ಟ್ ಮಾಡ್ಬೇಕು, ಗಟ್ಟಿಯಾಗಿ ಕಟ್ಟಿಕೊಡಿ.”

ಒಳಗಿನ ಖಾಲಿ ಹಾಳೆಯಲ್ಲಿ ಏನು ಬರೆಯುವುದೆಂದು ಬಹಳ ಹೊತ್ತು ಯೋಚಿಸಿ, ಕೊನೆಗೆ ಇಷ್ಟೇ ಬರೆದೆ: ಫ್ಲ್ಯಾಟಿನ ವಿಷಯ ನಿನ್ನನ್ನು ಯಾರೂ ಕೇಳಲಿಲ್ಲ ಅಂತ ಕಾಣುತ್ತೆ. ನಾನು ಕೇಳುತ್ತಿದ್ದೇನೆ. ಓದಿ ಫೋನ್ ಮಾಡು.